ಒಣ ಸೀಮೆಯಲ್ಲಿ ತೇವ ಕಾಯುವ ಬದುಕು: ಸಾದಲಿ ಸುತ್ತಿನ ಹವಾಗುಣ

ಸಾದಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಸುತ್ತ ಬೋಳು ಬಂಡೆಗಳ ಗುಡ್ಡ, ಇಳಿಜಾರಿನಲ್ಲಿ ರಾಗಿ ಹೊಲ, ಕೊಳವೆಬಾವಿ ಇರುವಲ್ಲಿ ಹಿಪ್ಪುನೇರಳೆ ತೋಟ, ತಗ್ಗಿನಲ್ಲಿ ಕೆರೆ. ಆಂಧ್ರದ ಗಡಿ ಹತ್ತಿರವಿರುವುದರಿಂದ ಕನ್ನಡ, ತೆಲುಗು ಎರಡೂ ಇಲ್ಲಿನ ಮನೆಮಾತು. ಈ ಸೀಮೆಯನ್ನು ಹೊರಗಿನವರು 'ಬರದ ನಾಡು' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ಇದೇ ಬರದ ನಾಡು ದಿನವೂ ಲೋಡುಗಟ್ಟಲೆ ರೇಷ್ಮೆಗೂಡು, ತರಕಾರಿ, ಹೂವು, ಹಾಲನ್ನು ಹೊರಗೆ ಕಳಿಸುತ್ತದೆ. ಒಣ ಹವೆಯಲ್ಲಿ ಇಷ್ಟೆಲ್ಲ ಬೆಳೆಯಲು ಸಾಧ್ಯವಾಗಿರುವುದು ಬಿದ್ದ ತೇವವನ್ನು ಕಾಪಾಡಿಕೊಳ್ಳುವ ವಿದ್ಯೆಯಿಂದ. ಆ ವಿದ್ಯೆಯಲ್ಲಿ ಯಾವುದನ್ನು ಉಳಿಸಿಕೊಂಡಿದ್ದೇವೆ, ಯಾವುದನ್ನು ಕೈಬಿಟ್ಟಿದ್ದೇವೆ ಎಂಬುದರ ಮೇಲೆಯೇ ಈ ಸೀಮೆಯ ನಾಳೆ ನಿಂತಿದೆ.

ನೆಲ, ಎತ್ತರ, ನದಿ

ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾಯಿತು. ಜಿಲ್ಲೆಯ ಬಹುಭಾಗ ಸಮುದ್ರಮಟ್ಟದಿಂದ 700ರಿಂದ 900 ಮೀಟರ್ ಎತ್ತರದ ಪ್ರಸ್ಥಭೂಮಿ. ಗೌರಿಬಿದನೂರಿನ ಕಡೆ ನೆಲ ತಗ್ಗು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಕಡೆ ಎತ್ತರ. ನಂದಿಬೆಟ್ಟದ ನೆತ್ತಿ 1,478 ಮೀಟರ್. ನೂರು ಮೀಟರ್ ಮೇಲೆ ಹೋದರೆ ಉಷ್ಣಾಂಶ ಸುಮಾರು 0.65 ಡಿಗ್ರಿ ಇಳಿಯುತ್ತದೆ. ಆ ಲೆಕ್ಕದಲ್ಲಿ ನಂದಿಯ ಮೇಲಿನ ಗಾಳಿ ಬುಡದ ಊರುಗಳಿಗಿಂತ ಮೂರ್ನಾಲ್ಕು ಡಿಗ್ರಿ ತಂಪು. ಬೇಸಿಗೆ ಕಳೆಯಲು ಟಿಪ್ಪುವೂ ಅವನ ನಂತರ ಬ್ರಿಟಿಷ್ ಅಧಿಕಾರಿಗಳೂ ಆ ಬೆಟ್ಟ ಹತ್ತಿದ್ದು ಇದೇ ತಂಪಿಗಾಗಿ.

ನಂದಿ ಗಿರಿಸಾಲು ಹಲವು ನದಿಗಳಿಗೆ ತವರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಎಲ್ಲವೂ ಈ ಸೀಮೆಯ ಗುಡ್ಡಗಳಲ್ಲಿ ಹುಟ್ಟಿ ಬೇರೆ ಬೇರೆ ದಿಕ್ಕಿಗೆ ಹರಿಯುತ್ತವೆ. ಚಿತ್ರಾವತಿ, ಪಾಪಾಗ್ನಿ ಆಂಧ್ರಕ್ಕೆ ಇಳಿದು ಪೆನ್ನಾ ಸೇರುತ್ತವೆ, ದಕ್ಷಿಣ ಪಿನಾಕಿನಿ ತಮಿಳುನಾಡಿಗೆ ಹೋಗುತ್ತದೆ, ಅರ್ಕಾವತಿ ಕಾವೇರಿಗೆ. ಇಷ್ಟೊಂದು ನದಿಗಳಿಗೆ ಜನ್ಮ ಕೊಟ್ಟ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನೀರು ಹುಟ್ಟುವ ನೆತ್ತಿಯಲ್ಲಿ ನಾವಿದ್ದೇವೆ. ಅದು ಹಳ್ಳಗಳೆಲ್ಲ ಕೂಡಿ ಹೊಳೆಯಾಗುವ ಹೊತ್ತಿಗೆ ಗಡಿ ದಾಟಿರುತ್ತದೆ. ಆದ್ದರಿಂದ ಇಲ್ಲಿ ನೀರೆಂದರೆ ನಮ್ಮ ನೆಲದ ಮೇಲೆ ಬಿದ್ದ ಮಳೆ ಮಾತ್ರ.

ಮಳೆ: ಎಷ್ಟು, ಎಲ್ಲಿಂದ, ಯಾವಾಗ

ಕೃಷಿ ವಿಜ್ಞಾನಿಗಳು ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿದ್ದಾರೆ. ಅದರಲ್ಲಿ ಸಾದಲಿ ಸೇರುವುದು ಪೂರ್ವ ಒಣ ವಲಯಕ್ಕೆ. ವರ್ಷದ ಸರಾಸರಿ ಮಳೆ 700 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವುದುಂಟು; ಅದರ ಹತ್ತನೇ ಒಂದು ಪಾಲು ನಮ್ಮದು. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಮೋಡಗಳು ಪಶ್ಚಿಮಘಟ್ಟದ ಮೇಲೇರುವಾಗಲೇ ಹೆಚ್ಚಿನ ನೀರನ್ನು ಸುರಿದುಬಿಡುತ್ತವೆ. ಘಟ್ಟ ಇಳಿದು ಮೂಡಣಕ್ಕೆ ಬರುವ ಹೊತ್ತಿಗೆ ಉಳಿಯುವುದು ಬರೀ ಗಾಳಿ, ತುಂತುರು. ಜೂನ್, ಜುಲೈನಲ್ಲಿ ಮಂಗಳೂರು, ಮಡಿಕೇರಿ ನೆನೆದು ತೊಪ್ಪೆಯಾಗಿರುವಾಗ ಸಾದಲಿಯ ಮೇಲೆ ಮೋಡ ಕವಿದು, ಗಾಳಿ ಬೀಸಿ, ಹೆಚ್ಚಿನ ದಿನ ಹಾಗೇ ಹೊರಟುಹೋಗುವುದು ಈ ಮಳೆನೆರಳಿನಿಂದ.

ನಮಗೆ ನಿಜವಾದ ಮಳೆಗಾಲ ಆಗಸ್ಟ್ ಕಳೆದ ಮೇಲೆ ಶುರು. ಸೆಪ್ಟೆಂಬರ್, ಅಕ್ಟೋಬರ್ ಎರಡು ತಿಂಗಳೇ ವರ್ಷದ ಅತಿ ಹೆಚ್ಚು ಮಳೆಯ ತಿಂಗಳು. ಮುಂಗಾರು ಹಿಂದೆ ಸರಿಯುವಾಗ ಮಧ್ಯಾಹ್ನದ ಕಾವಿಗೆ ಎದ್ದ ಮೋಡಗಳು ಸಂಜೆ ಗುಡುಗಿ ಸುರಿಯುತ್ತವೆ. ಆಮೇಲೆ ಬಂಗಾಳಕೊಲ್ಲಿಯ ವಾಯುಭಾರ ಕುಸಿತಗಳು ಹಿಂಗಾರನ್ನು ತರುತ್ತವೆ. ಒಟ್ಟಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಳೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಸುಮಾರು ಕಾಲು ಭಾಗ ಹಿಂಗಾರಿನಲ್ಲಿ, ಉಳಿದದ್ದು ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ. ಚೆನ್ನೈ ಕಡೆ ಚಂಡಮಾರುತ ಎಂದರೆ ಅಲ್ಲಿನವರಿಗೆ ಆತಂಕ. ಇಲ್ಲಿ ಅದರ ಸುದ್ದಿ ಕೇಳಿದ ರೈತ ಒಂದು ಕಣ್ಣಲ್ಲಿ ಕೆರೆಯನ್ನೂ ಇನ್ನೊಂದು ಕಣ್ಣಲ್ಲಿ ಕೊಯ್ಲಿಗೆ ಬಂದ ರಾಗಿಯನ್ನೂ ನೋಡುತ್ತಾನೆ.

700 ಮಿ.ಮೀ. ತೀರಾ ಕಡಿಮೆ ಮಳೆಯೇನಲ್ಲ. ಒಂದು ಎಕರೆ ನೆಲದ ಮೇಲೆ ಅಷ್ಟು ಮಳೆ ಬಿದ್ದರೆ ಸುಮಾರು 28 ಲಕ್ಷ ಲೀಟರ್ ನೀರಾಗುತ್ತದೆ. ತೊಂದರೆ ಇರುವುದು ಎರಡು ಕಡೆ. ಮೊದಲನೆಯದು, ಈ ನೀರು ಕೆಲವೇ ಸಂಜೆಗಳಲ್ಲಿ ರಭಸವಾಗಿ ಸುರಿದು ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಎರಡನೆಯದು, ಇಲ್ಲಿನ ಬಿಸಿಲು ಮತ್ತು ಗಾಳಿ ವರ್ಷದಲ್ಲಿ ಆವಿ ಮಾಡಬಲ್ಲ ನೀರು ಬೀಳುವ ಮಳೆಯ ಸುಮಾರು ಎರಡರಷ್ಟು. ಆದ್ದರಿಂದ ಈ ಸೀಮೆಯನ್ನು 'ಅರೆಶುಷ್ಕ' ಎನ್ನುತ್ತಾರೆ.

ವರ್ಷದ ಕಾಲಗಳು

ಬೇಸಿಗೆ ಶಿವರಾತ್ರಿಯ ಹೊತ್ತಿಗೆ ಮೊದಲಾಗುತ್ತದೆ. ಏಪ್ರಿಲ್‌ನಲ್ಲಿ ಹಗಲಿನ ಉಷ್ಣಾಂಶ 34ರಿಂದ 37 ಡಿಗ್ರಿಗೆ ಏರುತ್ತದೆ. ಗಾಳಿಯಲ್ಲಿನ ತೇವಾಂಶ ಮಾರ್ಚ್ ತಿಂಗಳ ಮಧ್ಯಾಹ್ನ ಶೇ 30ರ ಆಸುಪಾಸಿಗೆ ಇಳಿಯುತ್ತದೆ. ತುಟಿ ಒಡೆಯುತ್ತದೆ, ಒಗೆದ ಬಟ್ಟೆ ಗಂಟೆಯೊಳಗೆ ಒಣಗುತ್ತದೆ. ಕರಾವಳಿಯ ಬೇಸಿಗೆಯಲ್ಲಿ ಮೈಯೆಲ್ಲ ಬೆವೆತು ಅಂಟು ಅಂಟಾಗುತ್ತದೆ. ಇಲ್ಲಿ ಬೆವರು ಕಾಣುವ ಮುಂಚೆಯೇ ಆರಿಹೋಗುತ್ತದೆ. ಆದ್ದರಿಂದ ಮೈಯಿಂದ ಎಷ್ಟು ನೀರು ಹೋಯಿತೆಂದು ಹೊಲದಲ್ಲಿರುವವರಿಗೆ ತಿಳಿಯುವುದೇ ಇಲ್ಲ. ನೆರಳಿಗೆ ಬಂದರೆ ಮಾತ್ರ ಒಣ ಬೇಸಿಗೆ ಸಹನೀಯ. ರಾತ್ರಿ ನೆಲ ಬೇಗ ತಣಿಯುತ್ತದೆ.

ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಗುಡುಗು, ಬಿರುಗಾಳಿ, ಒಮ್ಮೊಮ್ಮೆ ಆಲಿಕಲ್ಲು. ಈ ಮಳೆ ಉಳುಮೆಗೆ ವರ. ಅದೇ ಗಾಳಿ ಮಾವಿನ ಕಾಯಿ ಉದುರಿಸುತ್ತದೆ, ದ್ರಾಕ್ಷಿ ಚಪ್ಪರ ಕೆಡವುತ್ತದೆ, ಹಿಪ್ಪುನೇರಳೆ ಸೊಪ್ಪನ್ನು ಚಿಂದಿ ಮಾಡುತ್ತದೆ. ಆಮೇಲೆ ಮೋಡ, ಗಾಳಿಯ ಮುಂಗಾರು. ಆಮೇಲೆ ಸೆಪ್ಟೆಂಬರ್-ಅಕ್ಟೋಬರ್‌ನ ದೊಡ್ಡ ಮಳೆ. ನವೆಂಬರ್ ಕಳೆದರೆ ಚಳಿ: ಡಿಸೆಂಬರ್, ಜನವರಿಯ ಬೆಳಗಿನ ಜಾವ 12ರಿಂದ 15 ಡಿಗ್ರಿ, ಹೊಲದ ಮೇಲೆ ಮಂಜು, ಎಲೆಯ ಮೇಲೆ ಇಬ್ಬನಿ.

ಮಳೆ ನಕ್ಷತ್ರ ಮತ್ತು ರಾಗಿ ಹೊಲ

ಹಳ್ಳಿಯವರು ಮಳೆಯನ್ನು ತಿಂಗಳಿನಿಂದ ಗುರುತಿಸುವುದಿಲ್ಲ, ನಕ್ಷತ್ರದಿಂದ ಗುರುತಿಸುತ್ತಾರೆ. ತೆಲುಗು ಮಾತಾಡುವವರು ಅದನ್ನೇ ಕಾರ್ತೆ ಎನ್ನುತ್ತಾರೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನ ಒಂದೊಂದು ಮಳೆಯ ಕಾಲ. ಏಪ್ರಿಲ್ ಕೊನೆಯ ಭರಣಿಗೆ ಮಾಗಿ ಉಳುಮೆ ಮಾಡಿದ ಹೊಲ ಮತ್ತೆ ಹದವಾಗುತ್ತದೆ. ಮೇ ಕೊನೆಯ ರೋಹಿಣಿ, ಜೂನ್ ತಿಂಗಳ ಮೃಗಶಿರ, ಆರಿದ್ರಕ್ಕೆ ನೆಲಗಡಲೆ, ತೊಗರಿ. ಜುಲೈ ತಿಂಗಳ ಪುನರ್ವಸು, ಪುಷ್ಯಕ್ಕೆ ರಾಗಿ. ಸೆಪ್ಟೆಂಬರ್‌ನ ಉತ್ತರೆ, ಹಸ್ತ, ಅಕ್ಟೋಬರ್‌ನ ಚಿತ್ತೆ ಕೆರೆ ತುಂಬಿಸುವ ಮಳೆಗಳು.

ಈ ಹವೆಗೆ ರಾಗಿಯಷ್ಟು ಒಪ್ಪುವ ಬೆಳೆ ಇನ್ನೊಂದಿಲ್ಲ. ಜುಲೈ, ಆಗಸ್ಟ್‌ನ ತುಂತುರಿಗೆ ಹುಟ್ಟಿ, ನಡುವೆ ಎರಡು ವಾರ ಮಳೆ ಕೈಕೊಟ್ಟರೂ ಬಾಡಿ ನಿಂತು, ಒಂದು ಹದ ಸಿಕ್ಕರೆ ಮತ್ತೆ ಚಿಗುರುತ್ತದೆ. ತೆನೆ ಬಿಡುವ ಹೊತ್ತಿಗೆ ಸೆಪ್ಟೆಂಬರ್-ಅಕ್ಟೋಬರ್ ಮಳೆ ಸಿಗುತ್ತದೆ; ನವೆಂಬರ್-ಡಿಸೆಂಬರ್‌ನ ಒಣ ಬಿಸಿಲಿಗೆ ಕೊಯ್ಲು. ಜಿಪಿಯು-28, ಎಂಎಲ್-365ರಂಥ ತಳಿಗಳು ಈ ಮಳೆಯ ಓಟವನ್ನು ನೋಡಿಯೇ ಬಂದವು. ಅದಕ್ಕೂ ಮೊದಲು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟವರು 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ.

ರಾಗಿ ಸಾಲುಗಳ ನಡುವೆ ಅಕ್ಕಡಿ ಹಾಕುವುದು ಹಳೆಯ ಪದ್ಧತಿ: ಅವರೆ, ತೊಗರಿ, ಹುಚ್ಚೆಳ್ಳು, ಅಂಚಿಗೆ ಜೋಳ. ಇದು ಮಳೆಯ ಅನಿಶ್ಚಿತತೆಗೆ ರೈತರು ಕೊಟ್ಟ ಉತ್ತರ. ಮುಂಗಾರು ಕೈಕೊಟ್ಟರೆ ಹಿಂಗಾರಿನಲ್ಲಿ ಅವರೆ ಕೈ ಹಿಡಿಯುತ್ತದೆ. ರಾಗಿ ಕೊಯ್ದ ಮೇಲೂ ತೊಗರಿ ನಿಂತಿರುತ್ತದೆ. ರಾಗಿಯ ಬೇರು ಮೇಲ್ಮಣ್ಣಿನ ತೇವ ಹೀರಿದರೆ ತೊಗರಿಯ ಬೇರು ಆಳದ ತೇವ ಹುಡುಕುತ್ತದೆ. ನಾಟಿ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಕಟ್ಟುವ ಗಿಡ. ಇಬ್ಬನಿ ಬೀಳುವ ಡಿಸೆಂಬರ್-ಜನವರಿಯಲ್ಲಿ ಬಿಡಿಸಿದ ಕಾಯಿಗೇ ಸೊಗಡು. ವರ್ಷವಿಡೀ ಕಾಯಿ ಬಿಡುವ ತಳಿಗಳು ಬಂದ ಮೇಲೂ ಚಳಿಗಾಲದ ಅವರೆಗೆ ಬೇಡಿಕೆ ಕುಗ್ಗಿಲ್ಲ.

ಒಂದು ಒಳ್ಳೆಯ ವರ್ಷದ ಬೆಳೆಯನ್ನು ಕೆಟ್ಟ ವರ್ಷಗಳಿಗೆ ಉಳಿಸುವುದಕ್ಕೆ ಹಗೇವು ಇತ್ತು. ಊರಿನ ಗಟ್ಟಿ ನೆಲದಲ್ಲಿ ಗುಂಡಿ ತೋಡಿ, ರಾಗಿ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ನೆಲ ಒಣಗಿದ್ದರೆ ಮಾತ್ರ ಇದು ಸಾಧ್ಯ. ಮಲೆನಾಡಿನಲ್ಲಿ ಹೀಗೆ ಇಟ್ಟರೆ ಕಾಳು ಮುಗ್ಗುತ್ತದೆ. ಈ ಸೀಮೆಯ ಹವೆ ಕೊಟ್ಟ ಕೆಲವೇ ಅನುಕೂಲಗಳಲ್ಲಿ ಇದೊಂದು. ಅದನ್ನು ಪೂರ್ತಿಯಾಗಿ ಬಳಸಿಕೊಂಡ ನಮ್ಮ ಹಿರಿಯರ ಜಾಣ್ಮೆಗೆ ಗೌರವ ಸಲ್ಲಬೇಕು.

ಹುಳುಮನೆ: ಇಪ್ಪತ್ತಾರು ದಿನದ ಬೇರೆ ಹವೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದ ದೊಡ್ಡ ಗೂಡು ಮಾರುಕಟ್ಟೆಗಳಲ್ಲಿ ಒಂದು. ಸಾದಲಿ ಸುತ್ತಿನ ಹಳ್ಳಿಗಳಲ್ಲಿ ಹುಳುಮನೆ ಇಲ್ಲದ ಬೀದಿ ಅಪರೂಪ. ಹೊರಗಿನ ಒಣ ಹವೆಯಿಂದ ಹುಳುವನ್ನು ಕಾಪಾಡಿ, ಅದಕ್ಕೆ ಬೇಕಾದ ಬಿಸಿ ಮತ್ತು ತೇವವನ್ನು ನಾಲ್ಕು ಗೋಡೆಗಳ ಒಳಗೆ ಒದಗಿಸುವುದೇ ರೇಷ್ಮೆ ಕೃಷಿಯ ಹೃದಯ.

ರೇಷ್ಮೆಹುಳು ಮೊಟ್ಟೆ ಒಡೆದು ಗೂಡು ಕಟ್ಟುವವರೆಗೆ ಸುಮಾರು 24ರಿಂದ 28 ದಿನ. ಈ ಅವಧಿಯಲ್ಲಿ ಅದು ನಾಲ್ಕು ಸಲ ಜ್ವರಕ್ಕೆ ಹೋಗುತ್ತದೆ, ಅಂದರೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ ಪೊರೆ ಕಳಚುತ್ತದೆ. ಮೊದಲ ಎರಡು ಹಂತದ ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಉಷ್ಣಾಂಶ, ಶೇ 80ರಿಂದ 90ರಷ್ಟು ತೇವಾಂಶ ಬೇಕು. ಇರುವೆಯಂಥ ಆ ಹುಳು ತಿನ್ನುವ ಎಳೆಸೊಪ್ಪು ಒಣ ಗಾಳಿಗೆ ಬೇಗ ಬಾಡಿದರೆ ಅದಕ್ಕೆ ಊಟವೇ ಇಲ್ಲ. ಅದಕ್ಕೆ ತಟ್ಟೆಯ ಮೇಲೆ ಕೆಳಗೆ ಮೇಣದ ಕಾಗದ, ಸುತ್ತ ಒದ್ದೆ ಸ್ಪಂಜಿನ ಪಟ್ಟಿ. ಈಗ ಹೆಚ್ಚಿನವರು ಚಾಕಿ ಕೇಂದ್ರಗಳಿಂದ ಎರಡನೇ ಜ್ವರ ಎದ್ದ ಹುಳುವನ್ನೇ ತರುತ್ತಾರೆ. ಅತಿ ನಾಜೂಕಾದ ದಿನಗಳು ಅಲ್ಲಿ ಕಳೆದಿರುವುದರಿಂದ ನಷ್ಟ ಕಡಿಮೆ.

ದೊಡ್ಡ ಹುಳುವಿಗೆ ಬೇಕಾದದ್ದು ಇದಕ್ಕೆ ಬೇರೆ. ಕೊನೆಯ ಎರಡು ಹಂತದಲ್ಲಿ 24-25 ಡಿಗ್ರಿ, ಶೇ 70ರ ಆಸುಪಾಸಿನ ತೇವ, ಜೊತೆಗೆ ಧಾರಾಳ ಗಾಳಿ. ಒಟ್ಟು ಸೊಪ್ಪಿನ ಶೇ 80ಕ್ಕಿಂತ ಹೆಚ್ಚನ್ನು ಹುಳು ತಿನ್ನುವುದು ಕೊನೆಯ ಹಂತದಲ್ಲೇ. ಆಗ ಮನೆಯವರಿಗೆಲ್ಲ ನಿದ್ದೆಗೇಡು. ಹುಳು ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟ ಮೇಲೆ ತೇವ ಇನ್ನೂ ಕಡಿಮೆ ಇರಬೇಕು. ಗೂಡು ಕಟ್ಟುವಾಗ ಗಾಳಿಯಲ್ಲಿ ನೀರಿನಂಶ ಹೆಚ್ಚಿದ್ದರೆ ನೂಲಿನ ಅಂಟು ಸರಿಯಾಗಿ ಆರುವುದಿಲ್ಲ. ಅಂಥ ಗೂಡಿನಿಂದ ಬಿಚ್ಚಾಣಿಕೆಯಲ್ಲಿ ಎಳೆ ತುಂಡು ತುಂಡಾಗುತ್ತದೆ. ಹೀಗೆ ಒಂದೇ ತಿಂಗಳಲ್ಲಿ ಮಳೆಗಾಲದ ತೇವದಿಂದ ಒಣ ಕಾಲದ ಹದಕ್ಕೆ ಮನೆಯ ಹವೆಯನ್ನು ರೈತರು ದಾಟಿಸುತ್ತಾರೆ.

ಕಾಲಕ್ಕೆ ತಕ್ಕ ರೋಗಗಳೂ ಇವೆ. ಬೇಸಿಗೆಯ ಕಾವು, ಬಾಡಿದ ಸೊಪ್ಪು ಸೇರಿದರೆ ಹಾಲುತೊಂಡೆ, ಸಪ್ಪೆ ರೋಗ. ಮಳೆ ಮತ್ತು ಚಳಿಗಾಲದ ಥಂಡಿಗೆ ಸುಣ್ಣಕಟ್ಟು ರೋಗ: ಶಿಲೀಂಧ್ರ ಹಿಡಿದ ಹುಳು ಸತ್ತು ಸುಣ್ಣದ ಕಡ್ಡಿಯಂತೆ ಬಿರುಸಾಗುತ್ತದೆ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣ ಮತ್ತೊಂದು ಪಿಡುಗು. ಇವುಗಳಿಗೆ ರೈತರ ಬಳಿ ಉಪಾಯಗಳಿವೆ. ಬೇಸಿಗೆಯಲ್ಲಿ ಕಿಟಕಿ ಬಾಗಿಲಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುವುದು, ಚಾವಣಿಯ ಮೇಲೆ ತೆಂಗಿನ ಗರಿ ಹೊದಿಸುವುದು, ಬೆಳಗಿನ ತಂಪಿನಲ್ಲೇ ಸೊಪ್ಪು ಕೊಯ್ದು ಒದ್ದೆ ಗೋಣಿಯಲ್ಲಿ ಮುಚ್ಚಿಡುವುದು. ಮಳೆಗಾಲದಲ್ಲಿ ಒದ್ದೆ ಸೊಪ್ಪು ಹಾಕದಿರುವುದು, ಹಾಸಿಗೆಯ ಮೇಲೆ ಸುಣ್ಣದ ಪುಡಿ ಎರಚಿ ತೇವ ಹೀರಿಸುವುದು. ಚಳಿಯಲ್ಲಿ ಹೀಟರ್ ಅಥವಾ ಇದ್ದಿಲ ಒಲೆ. ಇದ್ದಿಲು ಇಟ್ಟಾಗ ಗಾಳಿಯಾಡಲು ಸಂದು ಬಿಡಲೇಬೇಕು. ಮುಚ್ಚಿದ ಕೋಣೆಯ ಇದ್ದಿಲ ಹೊಗೆ ಮನುಷ್ಯರಿಗೂ ಪ್ರಾಣಾಂತಿಕ. ವರ್ಷವಿಡೀ ಊಜಿಗೆ ನೈಲಾನ್ ಪರದೆ.

ನೀರು ಕಡಿಮೆಯಾದಂತೆ ತೋಟದ ರೂಪವೂ ಬದಲಾಗಿದೆ. ಒತ್ತೊತ್ತಾಗಿ ಕಡ್ಡಿ ನೆಟ್ಟು ಕಾಲುವೆಯಲ್ಲಿ ನೀರು ಹಾಯಿಸುತ್ತಿದ್ದ ಕಡೆ ಈಗ ಅಗಲ ಅಂತರದ ಮರಪದ್ಧತಿಯ ಹಿಪ್ಪುನೇರಳೆ, ಹನಿ ನೀರಾವರಿ ಬಂದಿವೆ. ಮರದ ಬೇರು ಆಳಕ್ಕಿಳಿಯುವುದರಿಂದ ಒಂದೆರಡು ವಾರ ನೀರು ತಪ್ಪಿದರೂ ಸೊಪ್ಪು ನಿಲ್ಲುತ್ತದೆ.

ಕೆರೆ: ಸೀಮೆಯ ಹಳೆಯ ಜೀವನಾಡಿ

ಎರಡು ತಿಂಗಳು ಸುರಿಯುವ ಮಳೆಯನ್ನು ಹನ್ನೆರಡು ತಿಂಗಳಿಗೆ ಹಂಚುವ ಕೆಲಸ ಕೆರೆಯದು. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಸಾವಿರಾರು ಕೆರೆಗಳಿವೆ. ಶಿಡ್ಲಘಟ್ಟ ತಾಲ್ಲೂಕಿನ ರಾಮಸಮುದ್ರ, ಗುಡಿಬಂಡೆಯ ಅಮಾನಿ ಭೈರಸಾಗರ ದೊಡ್ಡವು. ಊರೂರಿನ ಕಟ್ಟೆ, ಕುಂಟೆ, ಗೋಕಟ್ಟೆ ಚಿಕ್ಕವು. ಮೇಲಿನ ಕೆರೆ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ. ಅದು ತುಂಬಿದರೆ ಮುಂದಿನದಕ್ಕೆ. ನದಿ ಇಲ್ಲದ ನಾಡಿನಲ್ಲಿ ಹಿರಿಯರು ಕಟ್ಟಿದ ಈ ಸರಪಳಿಯೇ ನದಿ.

ಏರಿ, ತೂಬು, ಕೋಡಿ, ಪೋಷಕ ಕಾಲುವೆ, ಅಚ್ಚುಕಟ್ಟು ಇವಿಷ್ಟು ಕೆರೆಯ ಅಂಗಗಳು. ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದವನು ನೀರುಗಂಟಿ. ಯಾವ ವರ್ಷ ಎಷ್ಟು ನೀರಿದೆ, ಎಷ್ಟು ಗದ್ದೆಗೆ ಬಿಡಬಹುದು ಎಂಬ ಲೆಕ್ಕ ಅವನದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿಯಲ್ಲಿ ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಮರಳುಮಿಶ್ರಿತ ಕೆಂಪು ಮಣ್ಣಿಗೆ ಗೋಡು ಬಿದ್ದರೆ ತೇವ ಹಿಡಿಯುವ ಶಕ್ತಿ ಹೆಚ್ಚುತ್ತದೆ. ಕೆರೆಯ ಹೂಳೂ ಕಡಿಮೆಯಾಗುತ್ತದೆ. ಕೆರೆ ತುಂಬಿದಾಗ ಗಂಗಮ್ಮನಿಗೆ ಬಾಗಿನ, ಕೋಡಿ ಪೂಜೆ. ಮಳೆ ಬಾರದಿದ್ದರೆ ಮಕ್ಕಳು ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ; ಮನೆಯವರು ಅದರ ಮೇಲೆ ನೀರು ಹುಯ್ದು ಹಿಟ್ಟು ಕೊಡುತ್ತಾರೆ.

ಈ ವ್ಯವಸ್ಥೆ ಕುಸಿದದ್ದಕ್ಕೆ ಹಲವು ಕಾರಣಗಳು ಸೇರಿದವು. ಪೋಷಕ ಕಾಲುವೆಗಳು ಒತ್ತುವರಿಯಾದವು. ಕೆರೆಯಂಗಳದ ಮರಳನ್ನು ತೋಡಿ ಮಾರಿದರು. 1980ರ ದಶಕದಿಂದ ಹೊಲಗಳಿಗೆ ನೀಲಗಿರಿ ಬಂದು ಇಳಿಜಾರುಗಳ ತೇವ ಹೀರಿತು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಎಲ್ಲಕ್ಕಿಂತ ದೊಡ್ಡ ಕಾರಣ ಕೊಳವೆಬಾವಿ. ಸ್ವಂತ ಹೊಲದಲ್ಲಿ ಗುಂಡಿ ಒತ್ತಿದರೆ ನೀರು ಬರುವಾಗ ಊರ ಕೆರೆಯ ಹೂಳೆತ್ತುವ ಚಿಂತೆ ಯಾರಿಗೂ ಉಳಿಯಲಿಲ್ಲ. ಜಲ ಸಂವರ್ಧನೆ ಯೋಜನಾ ಸಂಘ 2002ರಿಂದ ವಿಶ್ವಬ್ಯಾಂಕ್ ನೆರವಿನಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿ ಅನೇಕ ಕೆರೆಗಳನ್ನು ದುರಸ್ತಿ ಮಾಡಿಸಿತು. ಸಂಘ ಗಟ್ಟಿಯಾಗಿ ನಿಂತ ಕಡೆ ಮಾತ್ರ ಅಂಥ ಕೆಲಸಕ್ಕೆ ಬಾಳಿಕೆ.

ಕೊಳವೆಬಾವಿ ಮತ್ತು ಆಳದ ನೀರು

ಈ ಸೀಮೆಯ ಕೆಳಗಿರುವುದು ಗಟ್ಟಿ ಗ್ರಾನೈಟ್ ಮತ್ತು ನೈಸ್ ಬಂಡೆ. ಅದರಲ್ಲಿ ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಒಂದು ಕಾಲಕ್ಕೆ ಕಪಿಲೆ ಹೂಡಿ ತೆರೆದ ಬಾವಿಯಿಂದ ನೀರೆತ್ತುತ್ತಿದ್ದ ಊರುಗಳಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿ, ಸಾವಿರದೈನೂರರವರೆಗೂ ಇಳಿದಿದೆ. ಅಷ್ಟು ಕೊರೆದರೂ ಬರೀ ಧೂಳು ಬರುವುದುಂಟು. ಅಂತರ್ಜಲ ಸಮೀಕ್ಷೆಗಳಲ್ಲಿ ಜಿಲ್ಲೆಯ ತಾಲ್ಲೂಕುಗಳು ಅತಿಬಳಕೆಯ ಪಟ್ಟಿಯಲ್ಲಿವೆ: ಮಳೆ ಇಂಗಿಸುವುದಕ್ಕಿಂತ ಹೆಚ್ಚು ನೀರನ್ನು ಮೇಲೆತ್ತುತ್ತಿದ್ದೇವೆ.

ಆಳದ ನೀರಿನ ಜೊತೆ ಫ್ಲೋರೈಡ್ ಬಂತು. ಬಂಡೆಯೊಂದಿಗೆ ಬಹುಕಾಲ ನಿಂತ ನೀರು ಅದರ ಖನಿಜವನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರೇ ಇಲ್ಲದಾಗ 1.5ರವರೆಗೆ ಮಿತಿ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಹಳದಿ ಕಂದು ಪಟ್ಟೆ, ದೊಡ್ಡವರಿಗೆ ಮೂಳೆ ಮತ್ತು ಕೀಲುಗಳ ಬಿಗಿತ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ಬಂದಿರುವುದು ಇದಕ್ಕಾಗಿ. ಚಾವಣಿಯ ಮಳೆನೀರಿನಲ್ಲಿ ಫ್ಲೋರೈಡ್‌ನ ಕಾಟವಿಲ್ಲ. ಶುಚಿಯಾಗಿ ಸಂಗ್ರಹಿಸಿ ಸೋಸಿದರೆ ಅದು ಈ ಸೀಮೆಯ ಅತ್ಯುತ್ತಮ ಕುಡಿಯುವ ನೀರು.

ಹೊರಗಿನಿಂದ ಬರುವ ನೀರು

ಬೆಂಗಳೂರಿನ ತ್ಯಾಜ್ಯನೀರನ್ನು ಸಂಸ್ಕರಿಸಿ ಬಯಲುಸೀಮೆಯ ಕೆರೆಗಳಿಗೆ ತುಂಬಿಸುವ ಯೋಜನೆಗಳು ಈಗ ನಡೆಯುತ್ತಿವೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು 2018ರಲ್ಲಿ ಕೋಲಾರದ ಕೆರೆಗಳಿಗೆ ಹರಿಯಿತು. ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆ ದಿನಕ್ಕೆ 210 ದಶಲಕ್ಷ ಲೀಟರ್ ನೀರನ್ನು 65 ಕೆರೆಗಳಿಗೆ ಹರಿಸಲು ರೂಪುಗೊಂಡದ್ದು. ಅದರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳೂ ಸೇರಿವೆ. ನೀರು ನಿಂತ ಕೆರೆಗಳ ಸುತ್ತ ಬತ್ತಿದ ಬಾವಿಗಳಲ್ಲಿ ನೀರು ಕಂಡಿದೆ. ಆದರೆ ಎರಡು ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಬೇಕೆಂಬ ರೈತರ ಮತ್ತು ಹೋರಾಟಗಾರರ ಒತ್ತಾಯ ನ್ಯಾಯವಾದದ್ದು. ಕೆರೆಯ ನೀರು ಇಂಗಿ ಕುಡಿಯುವ ಬಾವಿಗೇ ಸೇರುತ್ತದೆ.

ಇನ್ನೊಂದು ಆಸೆ ಎತ್ತಿನಹೊಳೆ. ಸಕಲೇಶಪುರ ಕಡೆಯ ಹಳ್ಳಗಳಿಂದ 24.01 ಟಿಎಂಸಿ ನೀರನ್ನು ಮೂಡಣ ಜಿಲ್ಲೆಗಳಿಗೆ ತರುವ ಈ ಯೋಜನೆಗೆ 2014ರ ಮಾರ್ಚ್‌ನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಶಂಕುಸ್ಥಾಪನೆ ಆಯಿತು. ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಉದ್ಘಾಟನೆಯಾಯಿತು. ಹೊರಗಿನ ನೀರು ಬರುವುದು ಬರಲಿ. ಅದು ಬಂದರೂ ನಿಲ್ಲಬೇಕಾದದ್ದು ನಮ್ಮ ಕೆರೆಯಲ್ಲೇ.

ಮನೆ, ಊಟ, ಮೈ

ಇಲ್ಲಿ ಮರಕ್ಕಿಂತ ಕಲ್ಲು ಅಗ್ಗ. ಕಲ್ಲುಚಪ್ಪಡಿ ಹೊದಿಸಿದ ಮನೆ, ದಪ್ಪ ಮಣ್ಣಿನ ಗೋಡೆ, ಮುಂದೆ ಜಗಲಿ, ಬಾಗಿಲಲ್ಲಿ ಹೊಂಗೆಯೋ ಬೇವೋ ಇದ್ದದ್ದು ಹಳೆಯ ವಿನ್ಯಾಸ. ದಪ್ಪ ಗೋಡೆ ಹಗಲಿನ ಕಾವನ್ನು ತಡೆದು ಒಳಗೆ ಬಿಡುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಆಗ ಹೊರಗೆ ತಂಪು. ಈಗಿನ ಶೀಟು ಮತ್ತು ತೆಳು ಆರ್‌ಸಿಸಿ ಚಾವಣಿ ಮಧ್ಯಾಹ್ನವೇ ಕಾದು ಮನೆಯನ್ನು ಬೇಯಿಸುತ್ತದೆ. ಅಂಥ ಚಾವಣಿಗೆ ಬಿಳಿ ಸುಣ್ಣ ಬಳಿದರೆ, ಪಡುವಣ ಗೋಡೆಗೆ ನೆರಳು ಕೊಟ್ಟರೆ ಕಾವು ತಗ್ಗುತ್ತದೆ. ಹುಳುಮನೆಗೂ ದನದ ಕೊಟ್ಟಿಗೆಗೂ ಇದೇ ಮಾತು. 'ಹಾಲು ಮತ್ತು ರೇಷ್ಮೆಯ ನಾಡು' ಎನಿಸಿದ ಇಲ್ಲಿ ಸಾಕುವ ಸೀಮೆಹಸುಗಳು ಮಿಶ್ರತಳಿಯವು; ಕಾವು ಏರಿದರೆ ಮೇವು ಬಿಟ್ಟು ಹಾಲು ಇಳಿಸುತ್ತವೆ. ಅವಕ್ಕೆ ನೆರಳು, ಸದಾ ಕುಡಿಯುವ ನೀರು, ತಂಪು ಹೊತ್ತಿನಲ್ಲಿ ಮೇವು ಮುಖ್ಯ.

ಬೇಸಿಗೆಯ ಊಟವೂ ಹವೆಯನ್ನು ಅರಿತದ್ದು. ಬೆಳಗ್ಗೆ ಮಜ್ಜಿಗೆ, ಉಪ್ಪು, ಈರುಳ್ಳಿ ಬೆರೆಸಿದ ರಾಗಿ ಅಂಬಲಿ ಕುಡಿದು ಹೊಲಕ್ಕೆ ಹೋದವರಿಗೆ ಬೆವರಿನಲ್ಲಿ ಹೋಗುವ ನೀರು, ಲವಣ ಎರಡೂ ಸಿಗುತ್ತವೆ. ಹನ್ನೆರಡರಿಂದ ಮೂರರವರೆಗೆ ನೆರಳಲ್ಲಿರುವುದು, ಬಾಯಾರುವ ಮುಂಚೆಯೇ ನೀರು ಕುಡಿಯುವುದು ಈಗಿನ ಬೇಸಿಗೆಗಳಲ್ಲಿ ಎಲ್ಲರಿಗೂ, ಮುಖ್ಯವಾಗಿ ವಯಸ್ಸಾದವರಿಗೆ, ಬಸುರಿಯರಿಗೆ ಅಗತ್ಯ.

ಬರ ಮತ್ತು ನೆರೆ: ಬದಲಾಗುತ್ತಿರುವ ಹವೆ

ಈಚಿನ ವರ್ಷಗಳು ಎರಡು ತುದಿಗಳನ್ನೂ ತೋರಿಸಿವೆ. 2021ರ ಆಗಸ್ಟ್‌ನಲ್ಲಿ ನಂದಿಬೆಟ್ಟದ ರಸ್ತೆ ಮಳೆಗೆ ಕುಸಿಯಿತು. ಅದೇ ನವೆಂಬರ್‌ನ ಮಳೆಗೆ ವರ್ಷಗಳಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಕೊಯ್ಲಿಗೆ ನಿಂತ ರಾಗಿ ಹೊಲದಲ್ಲೇ ಮೊಳೆಯಿತು. ಎರಡೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಭೂಮಿ ಬಿಸಿಯಾದಂತೆ ಗಾಳಿ ಹೆಚ್ಚು ನೀರಾವಿ ಹಿಡಿಯುತ್ತದೆ: ಒಂದು ಡಿಗ್ರಿಗೆ ಸುಮಾರು ಶೇ 7ರಷ್ಟು. ಆದ್ದರಿಂದ ಸುರಿದಾಗ ಜೋರು, ನಡುವೆ ಬಿಡುವು ಉದ್ದ. ಮೊದಲೇ ಏರುಪೇರಿನ ನಮ್ಮ ಮಳೆ ಇನ್ನಷ್ಟು ಏರುಪೇರಾಗುತ್ತದೆ.

ಈ ವಿಚಾರದಲ್ಲಿ ಕರ್ನಾಟಕಕ್ಕೆ ಒಂದು ಬಲವಿದೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ಅದರ 'ವರುಣಮಿತ್ರ' ಸಹಾಯವಾಣಿಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ನಮ್ಮ ಊರಿನ ಮುನ್ಸೂಚನೆ ಕೇಳಬಹುದು. ರಾಗಿ ಕೊಯ್ಯುವ ಮುಂಚೆ, ಔಷಧಿ ಹೊಡೆಯುವ ಮುಂಚೆ, ಹುಳು ಹಣ್ಣಾಗುವ ವಾರದಲ್ಲಿ ಆ ಒಂದು ಕರೆ ದೊಡ್ಡ ನಷ್ಟ ತಪ್ಪಿಸಬಲ್ಲದು.

ಮಾಡಬಹುದಾದದ್ದು

ಮೂವತ್ತು-ನಲವತ್ತು ಅಡಿಯ ಒಂದು ಚಾವಣಿಯ ಮೇಲೆ ವರ್ಷಕ್ಕೆ ಸುಮಾರು 78,000 ಲೀಟರ್ ಮಳೆ ಬೀಳುತ್ತದೆ. ಐದನೇ ಒಂದು ಭಾಗ ನಷ್ಟವೆಂದು ಬಿಟ್ಟರೂ 60,000 ಲೀಟರ್ ಮೇಲೆ ಉಳಿಯುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಎಂದರೂ ವರ್ಷಕ್ಕೆ ಬೇಕಾದದ್ದು 15,000 ಲೀಟರ್ ಅಷ್ಟೇ. ಮಿಕ್ಕದ್ದು ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೆ. ಹೊಲದಲ್ಲಿ ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮತ್ತು ಬದು, ತಗ್ಗಿನಲ್ಲಿ ಕೃಷಿಹೊಂಡ, ಅದಕ್ಕೆ ಆವಿ ತಡೆಯಲು ನೆರಳುಪರದೆ. ತೋಟದಲ್ಲಿ ಹನಿ ನೀರಾವರಿಯ ಜೊತೆ ಸಾಲಿಗೆ ಸೊಪ್ಪು, ಹುಳುವಿನ ಕಸದ ಹೊದಿಕೆ. ಬೆಳೆ ವಿಚಾರದಲ್ಲಿ ಅನುಮಾನ ಬಂದರೆ ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರವಿದೆ.

ಇವೆಲ್ಲ ಒಬ್ಬೊಬ್ಬರು ತಮ್ಮ ಜಾಗದಲ್ಲಿ ಮಾಡುವ ಕೆಲಸ. ಕೆರೆ ಮಾತ್ರ ಒಬ್ಬರಿಂದ ಆಗದು. ಪೋಷಕ ಕಾಲುವೆಯ ಒತ್ತುವರಿ ಬಿಡಿಸುವುದು, ಬೇಸಿಗೆಯಲ್ಲಿ ಗೋಡು ಎತ್ತಿಸುವುದು, ತೂಬು ಕೋಡಿ ದುರಸ್ತಿ ಮಾಡಿಸುವುದು ಗ್ರಾಮಸಭೆಯಲ್ಲಿ ಕೇಳಿ ಪಡೆಯಬೇಕಾದ ಕೆಲಸಗಳು. ಉದ್ಯೋಗ ಖಾತರಿಯಲ್ಲಿ ಇದಕ್ಕೆ ಕೂಲಿ ಸಿಕ್ಕ ಉದಾಹರಣೆಗಳು ಜಿಲ್ಲೆಯಲ್ಲೇ ಇವೆ. ಒಂದು ಹುಳುಮನೆಯಲ್ಲಿ ಇಪ್ಪತ್ತಾರು ದಿನ ತೇವವನ್ನು ಕಾಯಬಲ್ಲ ಜನ ಊರಿನ ತೇವವನ್ನು ವರ್ಷವಿಡೀ ಕಾಯಲಾರರೆಂದು ನಾನು ನಂಬುವುದಿಲ್ಲ. ಈ ಕೆಲಸ ಭರಣಿ ಮಳೆಗೆ ಮುಂಚೆ, ಕೆರೆಯಂಗಳ ಒಣಗಿರುವಾಗಲೇ ಆಗಬೇಕು. ಉತ್ತರೆಯ ಮಳೆ ಸುರಿಯುವಾಗ ಕಾಲುವೆ ತೋಡಲು ಹೊರಟರೆ ನೀರು ಅಷ್ಟರಲ್ಲಿ ಗಡಿ ದಾಟಿರುತ್ತದೆ.